ಹೊರಟವರ ಲೆಕ್ಕ, ಉಳಿದವರ ಲೆಕ್ಕ

(ಶತಮಾನೋತ್ಸವದ ಎರಡನೆಯ ದಿನ, ಹಳೆ ವಿದ್ಯಾರ್ಥಿಗಳ ಮತ್ತು ರಕ್ಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ವೇದಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಿಂದ ನೀವು ನಿರೀಕ್ಷಿಸುವುದು ಶಾಲೆಯ ವರದಿಯನ್ನು. ಅದನ್ನು ನಿನ್ನೆಯೇ ಒಪ್ಪಿಸಿದ್ದೇನೆ. ಇಂದು ಸಮಿತಿಯವರು ನನಗೆ ವಹಿಸಿದ ವಿಷಯ ಬೇರೆ: ನಾಡಿನ ಆರ್ಥಿಕತೆ ಕುಸಿದರೆ ಊರಲ್ಲಿ ಉಳಿಯಬೇಕೇ, ಹೊರದೇಶಕ್ಕೆ ಹೊರಡಬೇಕೇ? ಈ ವಿಷಯ ಹುಟ್ಟಿದ್ದು ಹಳೆ ವಿದ್ಯಾರ್ಥಿ ಸಂಘದ ಕಳೆದ ಮಹಾಸಭೆಯ ಒಂದು ಜಗಳದಿಂದ ಎಂಬುದು ಇಲ್ಲಿರುವ ಅನೇಕರಿಗೆ ಗೊತ್ತು. ಕೊಲ್ಲಿ ನಾಡಿನಿಂದ ಬಂದಿದ್ದ ಒಬ್ಬರು, ಇಲ್ಲಿ ಮಕ್ಕಳಿಗೆ ಏನೂ ಇಲ್ಲ, ಮುಂದೆ ಏನಾಗುತ್ತದೋ ಹೇಳಲಿಕ್ಕಾಗದು, ಈಗಲೇ ದಾಟಿಸಿಬಿಡಿ ಎಂದರು. ತೋಟವನ್ನೇ ನಂಬಿ ಉಳಿದ ಇನ್ನೊಬ್ಬರು, ಊರಿಗೆ ಕಷ್ಟ ಬಂದಾಗ ಓಡುವವನು ಊರಿನವನೇ ಅಲ್ಲ ಎಂದರು. ಸಭೆ ಎರಡಾಯಿತು, ಚಹಾ ತಣ್ಣಗಾಯಿತು. ನಾನು ಮರುದಿನ ಕಪಾಟು ತೆರೆದು ನೋಡಿದೆ. ಇಬ್ಬರ ಹೆಸರೂ ಒಂದೇ ದಾಖಲಾತಿ ಪುಸ್ತಕದಲ್ಲಿ, ನಾಲ್ಕು ಪುಟಗಳ ಅಂತರದಲ್ಲಿವೆ.

ಇಬ್ಬರ ಮಾತಿನಲ್ಲೂ ಒಂದು ಸಾಮಾನ್ಯ ಗ್ರಹಿಕೆಯಿದೆ. ಹೊರಡುವುದು ಮತ್ತು ಉಳಿಯುವುದು ಎರಡು ಬೇರೆ ಬೇರೆ ಜಾತಿಯ ಮನುಷ್ಯರು ಮಾಡುವ ಕೆಲಸ ಎಂಬ ಗ್ರಹಿಕೆ. ನನಗೆ ಹಾಗೆ ಕಾಣುವುದಿಲ್ಲ. ಕುಸಿತದ ಕಾಲದಲ್ಲಿ ಒಂದು ಮನೆ ಬದುಕುವುದು ಸಾಮಾನ್ಯವಾಗಿ ಒಬ್ಬರು ಹೊರಟು ಉಳಿದವರು ಉಳಿದುದರಿಂದ. ಹೊರಟವನು ಉಳಿದವನ ಬಲದಿಂದ ಹೋಗಿರುತ್ತಾನೆ. ಉಳಿದವನು ಹೊರಟವನ ಬಲದಿಂದ ಉಳಿದಿರುತ್ತಾನೆ. ಇದನ್ನು ಬರಿಯ ಮಾತಾಗಿ ಹೇಳಿದರೆ ಸಾಲದು. ಲೆಕ್ಕ ಹಾಕಿ ತೋರಿಸಬೇಕು. ಅದಕ್ಕಾಗಿ ನಮಗೆ ತೀರ ಹತ್ತಿರದ ಶ್ರೀಲಂಕೆಯನ್ನು ತೆಗೆದುಕೊಳ್ಳುತ್ತೇನೆ. 2022ರಲ್ಲಿ ಹತ್ತನೆಯ ತರಗತಿಯ ಮಕ್ಕಳು ದಿನವೂ ಪತ್ರಿಕೆಯ ಕತ್ತರಿಕೆಗಳನ್ನು ತಂದು ಗೋಡೆಗೆ ಹಚ್ಚುತ್ತಿದ್ದುದು ನನ್ನ ನೆನಪಿನಲ್ಲಿದೆ.

ಹೊರಗಿನಿಂದ ನೋಡುವವರಿಗೆ ಆ ದ್ವೀಪ ಒಂದೇ ವಾರದಲ್ಲಿ ಕುಸಿದಂತೆ ಕಂಡಿತು. ನಿಜದಲ್ಲಿ ಅದು ಮೂರು ವರ್ಷ ಹಂತಹಂತವಾಗಿ ಇಳಿದಿತ್ತು. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟಗಳಿಂದ ಪ್ರವಾಸಿಗರು ಬೆದರಿದರು. ಅದೇ ವರ್ಷದ ಕೊನೆಯಲ್ಲಿ ಸರಕಾರ ತೆರಿಗೆಗಳನ್ನು ಒಮ್ಮೆಲೇ ಇಳಿಸಿ ತನ್ನ ಬೊಕ್ಕಸವನ್ನು ತಾನೇ ಬರಿದು ಮಾಡಿಕೊಂಡಿತು. ಆಮೇಲೆ ಕೊರೊನಾ ಬಂದು ಪ್ರವಾಸೋದ್ಯಮ ನೆಲಕಚ್ಚಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತಾಗಿ ನಿಷೇಧಿಸಿದ್ದರಿಂದ ಭತ್ತ ಮತ್ತು ಚಹಾದ ಬೆಳೆಗೆ ಪೆಟ್ಟು ಬಿತ್ತು. ಹೊರದೇಶದ ಸಾಲ ಮಾತ್ರ ಕಾಯಲಿಲ್ಲ. 2022ರ ಏಪ್ರಿಲ್ 12ರಂದು ಆ ದೇಶ, ಹೊರಗಿನ ಸಾಲದ ಕಂತುಗಳನ್ನು ತಾನು ಸದ್ಯ ಕಟ್ಟಲಾರೆನೆಂದು ಘೋಷಿಸಿತು.

ಶಿಕ್ಷಕಿಯಾಗಿ ನನ್ನ ಮನಸ್ಸಿನಲ್ಲಿ ನಿಂತಿರುವ ಸುದ್ದಿ ಅದಕ್ಕಿಂತ ಒಂದು ತಿಂಗಳು ಹಿಂದಿನದು. ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಆ ಮಾರ್ಚ್‌ನಲ್ಲಿ ಅವಧಿ ಪರೀಕ್ಷೆಗಳನ್ನು ಮುಂದೂಡಿದರು. ಕಾರಣ, ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದವಿಲ್ಲ. ಕಾಗದವನ್ನು ಆಮದು ಮಾಡಲು ಡಾಲರ್ ಇಲ್ಲ. ಜೂನ್ ಹೊತ್ತಿಗೆ ಮಕ್ಕಳೂ ಶಿಕ್ಷಕರೂ ಶಾಲೆಗೆ ಬರಲು ಬಸ್ಸಿಗೆ ಎಣ್ಣೆಯಿಲ್ಲದೆ ಶಾಲೆಗಳನ್ನೇ ಮುಚ್ಚಿದರು. ದಕ್ಷಿಣ ಏಷ್ಯಾದಲ್ಲಿ ಶಿಕ್ಷಣಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಹೆಸರಾದ ದೇಶವದು. ನಮ್ಮ ಕೇರಳವನ್ನು ಹೋಲಿಸಲು ಅರ್ಥಶಾಸ್ತ್ರಜ್ಞರು ಮೊದಲು ನೋಡುತ್ತಿದ್ದುದು ಅದರ ಕಡೆಗೇ. ಆದ್ದರಿಂದ ಆ ಸುದ್ದಿಯನ್ನು ಓದಿ ನಾವು ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು.

ಈಗ ಲೆಕ್ಕಕ್ಕೆ ಬರೋಣ. ಅಲ್ಲಿ ತಿಂಗಳಿಗೆ 50,000 ಶ್ರೀಲಂಕಾ ರೂಪಾಯಿ ಸಂಬಳ ಪಡೆಯುವ ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿ. 2022ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 200 ರೂಪಾಯಿ ಇತ್ತು; ಅಂದರೆ ಆಕೆಯ ಸಂಬಳ 250 ಡಾಲರ್. ಮೇ ತಿಂಗಳಲ್ಲಿ ಡಾಲರಿಗೆ ಸುಮಾರು 360 ರೂಪಾಯಿ ಆಯಿತು. ಆಕೆ ಅದೇ ಶಾಲೆಗೆ ಹೋದಳು, ಅದೇ ಪಾಠ ಮಾಡಿದಳು, ಅದೇ ಸಂಬಳ ಪಡೆದಳು; ಆದರೆ ಸಂಬಳದ ಬೆಲೆ 140 ಡಾಲರಿಗಿಂತ ಕಡಿಮೆ. ಅಷ್ಟಕ್ಕೇ ನಿಲ್ಲಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಏರಿಕೆಯ ಪ್ರಮಾಣ ಶೇ. 70ರ ಆಸುಪಾಸಿಗೆ ಬಂದಿತ್ತು. ಆಹಾರ ವಸ್ತುಗಳಲ್ಲಿ ಅದು ಶೇ. 90ನ್ನೂ ಮೀರಿತ್ತು.

ಆಕೆಯ ತಮ್ಮನೊಬ್ಬ ಕತಾರಿನಲ್ಲಿ ದುಡಿದು ತಿಂಗಳಿಗೆ 250 ಡಾಲರ್ ಕಳಿಸುತ್ತಿದ್ದನೆಂದುಕೊಳ್ಳಿ. ಜನವರಿಯಲ್ಲಿ ಆ ಹಣ ಮನೆಗೆ ತಲುಪುವಾಗ 50,000 ರೂಪಾಯಿ. ಮೇ ತಿಂಗಳಲ್ಲಿ 90,000. ಅಕ್ಕನ ಕೈಯಿಂದ ಕಿತ್ತುಕೊಂಡದ್ದನ್ನು ಅದೇ ಕುಸಿತ ತಮ್ಮನ ಕೈಯಿಂದ ಸ್ವಲ್ಪ ಮಟ್ಟಿಗೆ ಹಿಂದಿರುಗಿಸುತ್ತದೆ. ಒಂದೇ ಮನೆಯಲ್ಲಿ ಎರಡು ನಾಣ್ಯಗಳ ಸಂಪಾದನೆ ಇದ್ದರೆ ಮನೆ ನಿಲ್ಲುತ್ತದೆ. ಎಲ್ಲರೂ ಒಂದೇ ನಾಣ್ಯವನ್ನು ನಂಬಿದ್ದ ಮನೆಗಳು ಒಟ್ಟಿಗೇ ಮುಳುಗಿದವು. ಹಾಗೆಂದು ಅಕ್ಕನೂ ಹೊರಟುಬಿಡಬೇಕಿತ್ತೇ? ಆಕೆ ಹೊರಟಿದ್ದರೆ ತಂದೆತಾಯಿಗಳಿಗೆ ಔಷಧಿ ಹುಡುಕಲು ಸಾಲಿನಲ್ಲಿ ನಿಲ್ಲುವವರು ಯಾರು? ಅಡುಗೆ ಅನಿಲಕ್ಕೆ, ಸೀಮೆಎಣ್ಣೆಗೆ ದಿನಗಟ್ಟಲೆ ಕಾಯುವವರು ಯಾರು? ತಮ್ಮನ 90,000ವನ್ನು ಅನ್ನವಾಗಿ ಮಾರ್ಪಡಿಸಿದ್ದು ಮನೆಯಲ್ಲಿದ್ದ ಅಕ್ಕನ ಎರಡು ಕಾಲುಗಳು.

ಶ್ರೀಲಂಕೆಯವರು ಇದನ್ನು ಬೇಗ ಅರಿತರು. 2022ರ ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿನ ವಿದೇಶಿ ಉದ್ಯೋಗ ಕಾರ್ಯಾಲಯದಲ್ಲಿ ನೋಂದಾಯಿಸಿಕೊಂಡು ಹೊರಟರು. ಪಾಸ್‌ಪೋರ್ಟ್ ಕಚೇರಿಯ ಮುಂದೆ ಜನ ರಾತ್ರಿಯೇ ಬಂದು ಸಾಲಿನಲ್ಲಿ ಮಲಗುತ್ತಿದ್ದರು. ಸರಕಾರ ಮಾಡಿದ ಒಂದು ಕೆಲಸ ನನಗೆ ಮೆಚ್ಚಿಗೆಯಾಯಿತು, ಇನ್ನೊಂದು ಆಗಲಿಲ್ಲ. ಸರಕಾರಿ ನೌಕರರು ಐದು ವರ್ಷಗಳವರೆಗೆ ಸಂಬಳವಿಲ್ಲದ ರಜೆಯಲ್ಲಿ ಹೊರದೇಶಕ್ಕೆ ಹೋಗಬಹುದು, ಅವರ ಸೇವಾ ಹಿರಿತನಕ್ಕೆ ಭಂಗವಿಲ್ಲ ಎಂದು ಅಲ್ಲಿನ ಮಂತ್ರಿಮಂಡಲ ತೀರ್ಮಾನಿಸಿತು. ಹೋಗುವವರಿಗೆ ಮರಳಿ ಬರುವ ಬಾಗಿಲನ್ನು ತೆರೆದಿಟ್ಟ ಕ್ರಮವದು. ಅದೇ ಹೊತ್ತಿಗೆ ಮನೆಗೆಲಸಕ್ಕೆ ಹೊರದೇಶಕ್ಕೆ ಹೋಗುವ ಹೆಣ್ಣುಮಕ್ಕಳ ಕನಿಷ್ಠ ವಯಸ್ಸನ್ನು 21ಕ್ಕೆ ಇಳಿಸಿತು. ಸೌದಿ ಅರೇಬಿಯಕ್ಕೆ ಹೋಗುವವರಿಗೆ ಅದು ಮೊದಲು 25 ಆಗಿತ್ತು. ಡಾಲರ್ ಬೇಕಾದಾಗ ರಾಜ್ಯವೊಂದು ತನ್ನ ಹೆಣ್ಣುಮಕ್ಕಳ ಸುರಕ್ಷತೆಯ ನಿಯಮವನ್ನೇ ಸಡಿಲಿಸುತ್ತದೆ. ಇಲ್ಲಿರುವ ತಾಯಂದಿರು ಇದನ್ನು ಗಮನಿಸಬೇಕು.

ಹೊರಟವರಲ್ಲಿ ಎಲ್ಲರೂ ಒಂದೇ ಬಾಗಿಲಿನಿಂದ ಹೊರಟವರಲ್ಲ. ವೈದ್ಯರು, ಎಂಜಿನಿಯರರು ಪ್ರಮಾಣಪತ್ರಗಳ ಕಟ್ಟು ಹಿಡಿದು ವಿಮಾನ ಹತ್ತಿದರು. ಏನೂ ಇಲ್ಲದವರು 2022ರ ಮಾರ್ಚ್ 22ರಂದು ದೋಣಿಗಳಲ್ಲಿ ಪಾಕ್ ಜಲಸಂಧಿಯನ್ನು ದಾಟಿ ರಾಮೇಶ್ವರದ ಕಡೆಗೆ ಬಂದರು. ಮೊದಲ ದಿನ ಬಂದ 16 ಮಂದಿಯಲ್ಲಿ ಎಳೆಯ ಮಕ್ಕಳೂ ಇದ್ದರು. ಅವರನ್ನು ಮಂಡಪಂ ಶಿಬಿರದಲ್ಲಿ ಇರಿಸಲಾಯಿತು. ಇಬ್ಬರೂ ಹೊರಟವರೇ. ಆದರೆ ಒಬ್ಬನ ಹೊರಡುವಿಕೆ ಆಯ್ಕೆ, ಇನ್ನೊಬ್ಬನದು ಹಸಿವು. "ಓಡಿಹೋದವರು" ಎಂಬ ಒಂದೇ ಮಾತಿನಲ್ಲಿ ಇಬ್ಬರನ್ನೂ ತೂಗುವುದು ನ್ಯಾಯವಲ್ಲ. ಅತ್ಯಂತ ಕಷ್ಟದಲ್ಲಿದ್ದವರಲ್ಲಿ ಬಹುಪಾಲು ಮಂದಿ ಹೊರಡಲೇ ಇಲ್ಲ ಎಂಬುದನ್ನೂ ಮರೆಯಬಾರದು; ಹೊರಡುವುದಕ್ಕೂ ಬಂಡವಾಳ ಬೇಕು. ವಿಶ್ವಬ್ಯಾಂಕಿನ ಅಂದಾಜಿನಂತೆ ಅಲ್ಲಿ 2021ರಲ್ಲಿ ಶೇ. 13ರಷ್ಟಿದ್ದ ಬಡತನ ಮರುವರ್ಷ ಶೇ. 25ಕ್ಕೆ ಏರಿತು.

ಇಲ್ಲಿಗೆ ಶ್ರೀಲಂಕೆಯ ಪಾಠ ಮುಗಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ನೆರವಿಗೆ ಒಪ್ಪಿತು. ಅದಕ್ಕೆ ಮೊದಲೇ ಭಾರತ ದೊಡ್ಡ ಪ್ರಮಾಣದಲ್ಲಿ ಕೈಹಿಡಿದಿತ್ತು. 2023ರ ಜುಲೈ ಹೊತ್ತಿಗೆ ಬೆಲೆ ಏರಿಕೆ ಒಂದಂಕಿಗೆ ಇಳಿಯಿತು. ಏರಿದ ಬೆಲೆಗಳು ಕೆಳಗಿಳಿದವೆಂದು ಇದರರ್ಥವಲ್ಲ, ಏರುವುದು ನಿಧಾನವಾಯಿತು ಅಷ್ಟೇ. ಆದರೂ ಅತಿ ಕಷ್ಟದ ಕಾಲ ಒಂದೂವರೆ ವರ್ಷದಲ್ಲಿ ಕಳೆಯಿತು. ಮನೆ ಅಡವಿಟ್ಟು, ಏಜೆಂಟನಿಗೆ ಕೈತುಂಬ ಕೊಟ್ಟು ಗಾಬರಿಯಲ್ಲಿ ಹೊರಟವನು ಅಷ್ಟರಲ್ಲಿ ಸಾಲದ ಬಡ್ಡಿಯನ್ನೂ ತೀರಿಸಿರಲಾರ. ಇನ್ನೊಂದು ಕಡೆ ವೆನೆಜುವೆಲಾವನ್ನು ನೋಡಿ. ಅಲ್ಲಿ ಕುಸಿತ ಹತ್ತು ವರ್ಷವಾದರೂ ವಾಸಿಯಾಗಲಿಲ್ಲ. 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು, ಎಷ್ಟೋ ಮಂದಿ ಕಾಲ್ನಡಿಗೆಯಲ್ಲಿ ಕೊಲಂಬಿಯಕ್ಕೆ ದಾಟಿದರು. ಅಲ್ಲಿ ಕಾದು ಕುಳಿತವನು ತನ್ನ ಯೌವನವನ್ನೇ ಕಳೆದುಕೊಂಡ. ಕುಸಿತ ಶುರುವಾದ ದಿನ ಅದು ಯಾವ ಜಾತಿಯದೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದಲೇ ಹೊರಟವನನ್ನು ದ್ರೋಹಿಯೆನ್ನುವುದಕ್ಕೂ ಉಳಿದವನನ್ನು ಮೂರ್ಖನೆನ್ನುವುದಕ್ಕೂ ನನ್ನ ನಾಲಗೆ ಏಳುವುದಿಲ್ಲ.

ಇಷ್ಟು ಹೊತ್ತು ಪರರ ಮನೆಯ ಮಾತಾಯಿತು. ನಮ್ಮೂರಿನ ಅನುಭವ ಇದರ ತಿರುವುಮುರುವು. ಹೊರಟ ಜಾಗವೇ ಕುಸಿದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನವರು 1990ರಲ್ಲಿ ಕಂಡಿದ್ದಾರೆ. ಆ ವರ್ಷದ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಜಗತ್ತಿನಲ್ಲೇ ಅತ್ಯಂತ ಗಟ್ಟಿಯಾದ ನಾಣ್ಯಗಳಲ್ಲೊಂದಾದ ಕುವೈತಿ ದಿನಾರನ್ನು ಆಕ್ರಮಣಕಾರರು ರದ್ದುಮಾಡಿ ಇರಾಕಿ ದಿನಾರನ್ನು ಹೇರಿದರು. ವರ್ಷಗಟ್ಟಲೆ ಕೂಡಿಟ್ಟ ಹಣ ಬ್ಯಾಂಕಿನಲ್ಲೇ ಉಳಿಯಿತು. ಸುಮಾರು 1,70,000 ಭಾರತೀಯರು, ಹೆಚ್ಚಿನವರು ಬಾಗ್ದಾದ್ ಮಾರ್ಗವಾಗಿ ಮರುಭೂಮಿಯ ದಾರಿಯಲ್ಲಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬಯಿಗೆ ಬಂದರು. ಕೇರಳದವರೇ ಅವರಲ್ಲಿ ಬಹಳ.

ಆಗ ನಾನು ಪದವಿ ತರಗತಿಯಲ್ಲಿದ್ದೆ. ನಮ್ಮ ನೆರೆಮನೆಯ ಯಜಮಾನರು ಸೆಪ್ಟೆಂಬರಿನ ಒಂದು ಸಂಜೆ ಬಂದರು. ಕೈಯಲ್ಲಿ ಒಂದು ಚೀಲ. ಅದರೊಳಗೆ ಎರಡು ಜೊತೆ ಬಟ್ಟೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಪುಸ್ತಕ. ಅವರ ಹೊಸ ಮನೆಯ ಗೋಡೆಗಳು ಕಿಟಕಿಯ ಎತ್ತರಕ್ಕೆ ಬಂದು ನಿಂತಿದ್ದವು. ಅಂಗಳದಲ್ಲಿ ನೆರೆದವರೆಲ್ಲ ಒಂದೊಂದು ಪ್ರಶ್ನೆ ಕೇಳತೊಡಗಿದಾಗ ತೋಟ ನೋಡಿಕೊಂಡಿದ್ದ ಅವರ ಅಣ್ಣ ಎಲ್ಲರನ್ನೂ ಸುಮ್ಮನಾಗಿಸಿ, "ಅಕ್ಕಿ ಉಂಟು, ಅಡಿಕೆ ಇನ್ನೂ ಮಾರಲಿಲ್ಲ. ನೀನು ಮೊದಲು ಸ್ನಾನ ಮಾಡಿ ಮಲಗು ಮಾರಾಯ" ಎಂದರು. ಒಂದೂವರೆ ವರ್ಷ ಆ ಅಡಿಕೆ ತೋಟ ಎರಡು ಸಂಸಾರಗಳನ್ನು ಸಾಕಿತು. ಕುವೈತ್ ಬಿಡುಗಡೆಯಾದ ಮೇಲೆ ತಮ್ಮ ಮತ್ತೆ ಹೋದರು. ಮನೆಗೆ ಸೂರು ಬಂತು. ಮುಂದೆ ಅಡಿಕೆಯ ಬೆಲೆ ಕುಸಿದು ತೋಟದವರು ಕಂಗಾಲಾದ ವರ್ಷಗಳಲ್ಲಿ ಆ ಅಣ್ಣನ ಮಗಳ ಮದುವೆಗೆ ಹಣ ಬಂದದ್ದು ಕುವೈತಿನಿಂದ. ಮಹಾಸಭೆಯಲ್ಲಿ ಜಗಳ ನಡೆದಾಗ ನನ್ನ ಕಣ್ಣ ಮುಂದೆ ಬಂದದ್ದು ಈ ಇಬ್ಬರು ಅಣ್ಣತಮ್ಮಂದಿರು. ಯಾರು ಊರನ್ನು ಪ್ರೀತಿಸಿದವರು, ಯಾರು ಬಿಟ್ಟವರು ಎಂದು ಅವರ ಮನೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಆ ಕುವೈತ್ ಪ್ರಕರಣವೇ ನಮ್ಮ ದೇಶವನ್ನೂ ಅಂಚಿಗೆ ತಂದು ನಿಲ್ಲಿಸಿತ್ತೆಂಬುದನ್ನು ಇಂದಿನ ತರುಣರು ತಿಳಿಯಬೇಕು. ಎಣ್ಣೆಯ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣಕ್ಕೆ ಪೆಟ್ಟು ಬಿತ್ತು, ಮೊದಲೇ ಇದ್ದ ಸಾಲದ ಹೊರೆ ಅದಕ್ಕೆ ಸೇರಿತು. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ ಮಾತ್ರ ನಮ್ಮಲ್ಲಿ ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಒಯ್ದು ಅಡವಿಟ್ಟಿತು. ಅದೇ ತಿಂಗಳ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಲಾಯಿತು. ಹೆಂಡತಿಯ ಬಳೆ ಅಡವಿಟ್ಟು ಕಂತು ಕಟ್ಟುವ ನಮ್ಮ ಮನೆಗಳ ಕಥೆಯೇ ಅದು, ಅಳತೆ ಮಾತ್ರ ದೊಡ್ಡದು. ನಮ್ಮ ದೇಶ ಅಂದು ಕುಸಿಯಲಿಲ್ಲ. ಆದರೆ "ನಮಗೆ ಎಂದೂ ಹಾಗಾಗದು" ಎನ್ನುವವರು ಆ ಜುಲೈಯನ್ನು ಒಮ್ಮೆ ನೆನೆಯಬೇಕು. "ಇನ್ನೇನು ಮುಳುಗಿತು, ಓಡಿ" ಎನ್ನುವವರು ಅದರ ನಂತರದ ವರ್ಷಗಳನ್ನು ನೆನೆಯಬೇಕು.

ಈಗ ರಕ್ಷಕರಲ್ಲಿ ನೇರವಾಗಿ ಮಾತನಾಡುತ್ತೇನೆ. ನನ್ನ ಕೋಣೆಗೆ ಬಂದು ನೀವು ಕೇಳುವುದು ದೇಶದ ಲೆಕ್ಕವನ್ನಲ್ಲ: "ಟೀಚರೇ, ಹುಡುಗನನ್ನು ಕಳಿಸುವುದೇ?" ಹಿಂದೆ ಅದು ಕೆಲಸಕ್ಕೆ ಕಳಿಸುವ ಪ್ರಶ್ನೆಯಾಗಿತ್ತು, ಇಂದು ಹೆಚ್ಚಾಗಿ ಓದಲು ಕಳಿಸುವ ಪ್ರಶ್ನೆ. ಕೇರಳ ವಲಸೆ ಸಮೀಕ್ಷೆಯ ಪ್ರಕಾರ 2018ರಲ್ಲಿ 1.29 ಲಕ್ಷ ಇದ್ದ ಹೊರದೇಶದ ವಿದ್ಯಾರ್ಥಿಗಳ ಸಂಖ್ಯೆ 2023ರಲ್ಲಿ ಸುಮಾರು 2.5 ಲಕ್ಷಕ್ಕೆ ಏರಿದೆ. ಇಲ್ಲಿ ಕುಸಿತವೇನೂ ಆಗಿಲ್ಲ. ಆದರೂ ಕುಸಿತದ ಭಯದಿಂದ ಹೊರಡುವವರು ಬಹಳ. ಅಂತಹವರಿಗೆ ನಾನು ಹೇಳುವುದು ಇಷ್ಟು. ಸಾಲ ಯಾವ ನಾಣ್ಯದಲ್ಲಿ, ಸಂಪಾದನೆ ಯಾವ ನಾಣ್ಯದಲ್ಲಿ ಎಂಬುದನ್ನು ಕಾಗದದ ಮೇಲೆ ಬರೆದು ನೋಡಿ. ತೋಟ ಅಡವಿಟ್ಟು ಕಳಿಸಿದ ಹುಡುಗ ಅಲ್ಲಿ ಕೆಲಸ ಸಿಗದೆ ಮರಳಿದರೆ ಆ ಸಾಲವನ್ನು ಅಡಿಕೆಯಿಂದಲೇ ತೀರಿಸಬೇಕು. ಕರೆದ ದೇಶವೂ ಬಾಗಿಲನ್ನು ಕಿರಿದು ಮಾಡಬಹುದು. ಕೆನಡಾ 2024ರಿಂದ, ಬರುವ ವಿದ್ಯಾರ್ಥಿ ತೋರಿಸಬೇಕಾದ ಜೀವನವೆಚ್ಚದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಒಟ್ಟು ವಿದ್ಯಾರ್ಥಿಗಳ ಸಂಖ್ಯೆಗೂ ಮಿತಿ ಹಾಕಿತು. ಅರ್ಜಿ ಹಾಕಿ ಕಾಯುತ್ತಿದ್ದವರ ಗತಿಯನ್ನು ಯೋಚಿಸಿ.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಸರಕಾರದ ನಿಯಮದಂತೆ ನೋಂದಾಯಿತ ಏಜೆಂಟನು ಕೆಲಸ ಕೊಡಿಸಿದ್ದಕ್ಕೆ ಪಡೆಯಬಹುದಾದ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿಯನ್ನು ಮೀರುವಂತಿಲ್ಲ. ಲಕ್ಷಗಳನ್ನು ಕೇಳುವವನು ಮಾರುತ್ತಿರುವುದು ಕೆಲಸವನ್ನಲ್ಲ, ನಿಮ್ಮ ಭಯವನ್ನು. ಕುಸಿತದ ಕಾಲದಲ್ಲಿ ಎಲ್ಲದರ ಬೆಲೆಯೂ ಏರುತ್ತದೆ. ಭಯದ ಬೆಲೆ ಎಲ್ಲಕ್ಕಿಂತ ಮೊದಲು ಏರುತ್ತದೆ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಮಾತನಾಡಬೇಕಾಗಿದೆ. ತಂದೆ ಹೊರಟರೆ ಮನೆ ನಡೆಯುತ್ತದೆ, ಅದನ್ನು ಈ ಊರು ಐವತ್ತು ವರ್ಷಗಳಿಂದ ಕಂಡಿದೆ. ತಂದೆತಾಯಿ ಇಬ್ಬರೂ ಹೊರಟು, ಮಗುವನ್ನು ಅಜ್ಜಿಯ ಮನೆಯಲ್ಲೊಂದು ತಿಂಗಳು, ಚಿಕ್ಕಮ್ಮನ ಮನೆಯಲ್ಲೊಂದು ತಿಂಗಳು ಇರಿಸಿದಾಗ ಅದರ ಪರಿಣಾಮ ಮೊದಲು ಕಾಣುವುದು ತರಗತಿಯಲ್ಲಿ. ರಕ್ಷಕರ ಸಭೆಗೆ ಯಾರೂ ಬರುವುದಿಲ್ಲ. ಅಂಕಪಟ್ಟಿಗೆ ಪ್ರತಿಸಲವೂ ಬೇರೆ ಬೇರೆ ಸಹಿ. ಹೊರಡುವ ಮೊದಲು ಮಗುವಿಗೆ ಯಾರು ಎಂಬುದನ್ನು ಹೆಸರು ಹೇಳಿ ತೀರ್ಮಾನಿಸಿ, ಆ ವ್ಯಕ್ತಿಯನ್ನು ಶಾಲೆಗೆ ಕರೆತಂದು ನಮಗೆ ತೋರಿಸಿ ಹೋಗಿ. ಇದು ನನ್ನ ವಿನಂತಿಯಲ್ಲ, ಒತ್ತಾಯ.

ಕನ್ನಡ ಮಾಧ್ಯಮದಲ್ಲಿ ಓದಿದವನು ಕಷ್ಟಕಾಲದಲ್ಲಿ ಎಲ್ಲಿಗೂ ಹೋಗಲಾರ, ಆದ್ದರಿಂದ ಬೇರೆ ಶಾಲೆಗೆ ಟಿ.ಸಿ. ಕೊಡಿ ಎಂಬ ಮಾತನ್ನು ಪ್ರತಿ ಮೇ ತಿಂಗಳಲ್ಲೂ ಕೇಳುತ್ತೇನೆ. ಇಂಗ್ಲಿಷನ್ನು ಇಲ್ಲಿ ಇನ್ನೂ ಚೆನ್ನಾಗಿ ಕಲಿಸಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಈ ವರ್ಷದ ಕಾರ್ಯಯೋಜನೆಯ ಮೊದಲ ಅಂಶವೇ ಅದು. ಆದರೆ ನಮ್ಮ ಮಕ್ಕಳನ್ನು ನೋಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಗೆಳೆಯನ ಮನೆಯಲ್ಲಿ ಬ್ಯಾರಿ ಅಥವಾ ಕೊಂಕಣಿ. ಸಪ್ತಭಾಷೆಗಳ ಈ ಮಣ್ಣಿನಲ್ಲಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಬಂದರೆ ಇನ್ನೊಬ್ಬ ನೆಂಟ ಬಂದಂತೆ. ನರ್ಸಿಂಗ್ ಓದಿದ ನಮ್ಮ ಶಾಲೆಯ ಹುಡುಗಿಯೊಬ್ಬಳು ಜರ್ಮನಿಗೆ ಹೋಗಲು ಜರ್ಮನ್ ಕಲಿತಳು. ಇಂಗ್ಲಿಷ್ ಮಾಧ್ಯಮದಿಂದ ಬಂದ ಸಹಪಾಠಿಗಳೂ ಆ ಭಾಷೆಯನ್ನು ಅವಳ ಹಾಗೆಯೇ ಅಕ್ಷರಮಾಲೆಯಿಂದ ಕಲಿಯಬೇಕಾಯಿತು. ಹಿಂದಿನ ಕಾಲದಲ್ಲಿ ಕರಾವಳಿಯಿಂದ ಮುಂಬಯಿಗೆ ಹೋದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರು ಹೊರಟವರೇ; ಆದರೆ ಹೋದಲ್ಲೇ ಒಂದು ಶಾಲೆಯನ್ನು ಕಟ್ಟಿಕೊಂಡರು.

ಹೊರಗಿರುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ಅರಿಕೆ. ಈ ಶತಮಾನೋತ್ಸವಕ್ಕೆ ನೀವು ಉದಾರವಾಗಿ ಕೊಟ್ಟಿದ್ದೀರಿ. ಹೊಸ ಕೊಠಡಿಗಳು ನಿಮ್ಮ ಬೆವರಿನಿಂದ ಎದ್ದಿವೆ. ಆದರೆ ಕಾಗದವಿಲ್ಲದೆ ಪರೀಕ್ಷೆ ನಿಂತ ಆ ದ್ವೀಪದಲ್ಲೂ ಶಾಲೆಯನ್ನು ಮತ್ತೆ ತೆರೆದದ್ದು ಸವಕಲು ಸಂಬಳಕ್ಕೆ ದುಡಿಯುತ್ತ ಉಳಿದ ಶಿಕ್ಷಕರು. ನಮ್ಮಲ್ಲಿಯೂ ಕನ್ನಡದಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೊಠಡಿಗೆ ಹೆಸರು ಕೆತ್ತಿಸುವ ಬದಲು ಇಬ್ಬರು ತರುಣ ಶಿಕ್ಷಕರು ಊರಲ್ಲೇ ನಿಲ್ಲುವಂತೆ ಬಿ.ಎಡ್. ಓದಿಗೆ ಸಹಾಯ ಮಾಡಿರಿ. ಹೊರಟವರು ಉಳಿದವರಿಗೆ ಕೊಡಬೇಕಾದ ಪಾಲು ಅದೆಂದು ನಾನು ತಿಳಿಯುತ್ತೇನೆ. ಉಳಿದವರೂ ಒಂದು ಪಾಲು ಕೊಡಬೇಕು: ಕೆಲಸ ಕಳೆದುಕೊಂಡು ಮರಳಿದವನನ್ನು ಬಸ್ ನಿಲ್ದಾಣದಲ್ಲಿ ಕಂಡಾಗ "ಯಾವಾಗ ವಾಪಸು ಹೋಗುವುದು?" ಎಂದು ಕೇಳದಿರುವುದು. 2020ರಲ್ಲಿ ಮರಳಿದ ಎಷ್ಟೋ ಮಂದಿ ಆ ಪ್ರಶ್ನೆಗೆ ಹೆದರಿಯೇ ಮನೆಯಿಂದ ಹೊರಬರುತ್ತಿರಲಿಲ್ಲ.

ಇನ್ನು ಶಾಲೆಯ ಕಡೆಯಿಂದ ನಾವೇನು ಮಾಡಬಲ್ಲೆವು? ದೇಶದ ನಾಣ್ಯವನ್ನು ನಾವು ಕಾಯಲಾರೆವು. ಕಾಗದಗಳನ್ನು ಕಾಯಬಲ್ಲೆವು. ಹತ್ತನೆಯ ತರಗತಿ ತೇರ್ಗಡೆಯಾದ ಪ್ರಮಾಣಪತ್ರವಿದ್ದರೆ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ಮುದ್ರೆ ಬೀಳುವುದಿಲ್ಲ. ಎಷ್ಟೋ ಮಂದಿ ಹಳಬರಿಗೆ ಆ ಒಂದು ಪುಸ್ತಕದ ಬೆಲೆ ತಿಳಿದದ್ದು ವಿಮಾನ ನಿಲ್ದಾಣದಲ್ಲಿ. ಗಡಿನಾಡಿನ ನಮ್ಮ ಇನ್ನೊಂದು ಕಷ್ಟ ನಿಮಗೆಲ್ಲ ಗೊತ್ತಿರುವುದೇ. ಕನ್ನಡದಲ್ಲಿ ಐತಪ್ಪ ಎಂದು ಸರಿಯಾಗಿ ಬರೆದ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳದ ಮೂಲಕ ಹಾದು ಒಂದು ರೂಪ ತಾಳುತ್ತದೆ, ಪಾಸ್‌ಪೋರ್ಟಿನ ಇಂಗ್ಲಿಷಿನಲ್ಲಿ ಇನ್ನೊಂದು. ಮೂರು ಕಾಗದಗಳಲ್ಲಿ ಮೂವರು ಐತಪ್ಪಂದಿರು. ಶಾಂತಿಯ ಕಾಲದಲ್ಲಿ ಅದು ನಗೆಯ ವಿಷಯ. ಅವಸರದಲ್ಲಿ ಹೊರಡಬೇಕಾದ ಅಥವಾ ಮರಳಬೇಕಾದ ದಿನ ಅದು ಗೋಡೆಯಾಗಿ ನಿಲ್ಲುತ್ತದೆ.

ಆದ್ದರಿಂದ ಆಡಳಿತ ಮಂಡಳಿಯ ಒಪ್ಪಿಗೆಯೊಂದಿಗೆ ಒಂದು ವ್ಯವಸ್ಥೆ ಮಾಡಿದ್ದೇವೆ. ಶಾಲೆ ಆರಂಭವಾದ ದಿನದಿಂದ ಇರುವ ದಾಖಲಾತಿ ಪುಸ್ತಕಗಳ ಪ್ರತಿಯೊಂದು ಪುಟದ ಚಿತ್ರವನ್ನು ತೆಗೆದಿಡುವ ಕೆಲಸ ನಡೆಯುತ್ತಿದೆ. ಮೊದಲ ಎರಡು ಪುಸ್ತಕಗಳ ಅಂಚು ಗೆದ್ದಲು ತಿಂದಿದ್ದರೂ ಹೆಸರುಗಳು ಉಳಿದಿವೆ. ಮುಂದಿನ ತಿಂಗಳಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಚೇರಿ ತೆರೆದಿರುತ್ತದೆ. ಹೆಸರಿನ ಅಕ್ಷರ, ಜನ್ಮದಿನ, ತಂದೆತಾಯಿಯ ಹೆಸರು, ಇವುಗಳಲ್ಲಿ ವ್ಯತ್ಯಾಸವಿರುವವರು ಎಸ್ಸೆಸ್ಸೆಲ್ಸಿ ಪುಸ್ತಕ, ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರದ ಪ್ರತಿಗಳನ್ನು ತನ್ನಿ. ಶಾಲೆಯಿಂದ ಆಗುವುದನ್ನು ಅಲ್ಲೇ ಮಾಡಿಕೊಡುತ್ತೇವೆ. ತಿರುವನಂತಪುರದ ಪರೀಕ್ಷಾ ಭವನಕ್ಕೆ ಹೋಗಬೇಕಾದ ಅರ್ಜಿಗಳನ್ನು ತುಂಬಿಸಿ ಸಹಿ ಹಾಕಿ ಕೊಡುತ್ತೇವೆ. ಹೊರಡುವ ಯೋಚನೆ ಇಲ್ಲದವರೂ ಬನ್ನಿ. ಹೊರದೇಶದಲ್ಲಿರುವವರ ಪರವಾಗಿ ಮನೆಯವರು ಬಂದರೆ ಸಾಕು, ಒಂದು ಒಪ್ಪಿಗೆ ಪತ್ರ ಜೊತೆಗಿರಲಿ.